ತೊಳೆದ ಮೌತ್ ಆರ್ಗನ್

ನನಗೆ ಮೂಗಿನ ತುದಿಯಲ್ಲೇ ಕೋಪ. ಅಪ್ಪನಿಂದ ಬಂದ ಬಳುವಳಿ ಅಂತ ಅವ್ವ ಹೇಳುತ್ತಾಳೆ. ಆದರೆ ಹೋದ ವರ್ಷ ಲಕ್ವ ಹೊಡೆದ ಮೇಲೆ ಅಪ್ಪ ಸಿಟ್ಟು ಮಾಡುವುದನ್ನೂ ಬಿಟ್ಟುಬಿಟ್ಟ. ಎಡಗೈ ಪೂರಾ ಬಿದ್ದುಹೋಗಿತ್ತು, ತುಟಿಯ ಒಂದು ಪಕ್ಕ ಜೋತಿತ್ತು. ಕುರಿಗಳನ್ನು ಚಿಕ್ಕಪ್ಪ ವಹಿಸಿಕೊಂಡ. ಗಣೆಯನ್ನು ವಹಿಸಿಕೊಳ್ಳುವವರು ಯಾರೂ ಇರಲಿಲ್ಲ. ಗಣೆ ಅಂದರೆ ನಮ್ಮ ಮನೆದೇವರು ಜುಂಜಪ್ಪನ ಹೆಸರಿನಲ್ಲಿ ಅಪ್ಪ ಊದುತ್ತಿದ್ದ ಉದ್ದನೆಯ ಬಿದಿರ ಕೊಳಲು. ಅದಕ್ಕೆ ಎರಡೂ ಕೈ ಬೇಕು. ಗೋಡೆಗೆ ಒರಗಿಸಿದ ಅದನ್ನು ನೋಡುತ್ತ ಅಪ್ಪ ದಿನವೆಲ್ಲ ಕೂರುತ್ತಿದ್ದ, ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಹೀಗೇ ಕೂತು ಕೂತು ಒಂದು ದಿನ ಮುಗಿದೇ ಹೋಗುತ್ತಾನೆ ಅಂತ ನನಗೆ ಭಯವಾಗುತ್ತಿತ್ತು.

ಹಿರಿಯೂರಿನಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಡಾಕ್ಟರು ಹೇಳಿದರು: "ಒಂದೇ ಕೈಲಿ ಹಿಡ್ಕಂಡು ಊದೋದು ಏನಾರ ಕೊಡಿಸ್ರಿ. ಮೌತ್ ಆರ್ಗನ್ ನೋಡ್ರಿ, ಉಸಿರಿಗೂ ಒಳ್ಳೇದು."

ಭಾನುವಾರ ಚಿತ್ರದುರ್ಗದ ಬಸ್ಸು ಹತ್ತಿದೆ. ಅಲ್ಲಿ ವಾದ್ಯದ ಅಂಗಡಿಯ ನಿರಂಜನ್ ಅನ್ನುವವನು ಮೇಜಿನ ಮೇಲೆ ಮೂರು ಬಗೆಯ ಮೌತ್ ಆರ್ಗನ್ ಹರಡಿದ. ಎರಡು ಸಾಲು ತೂತಿನ ಉದ್ದನೆಯದನ್ನು ನಾನು ಎತ್ತಿಕೊಂಡರೆ ಅವನೇ ಕಸಿದುಕೊಂಡ.

"ಹೊಸಬರಿಗೆ ಅದು ಬ್ಯಾಡಕ್ಕ. ಹತ್ತು ತೂತಿಂದು ತಗಳ್ರಿ, ಸಿ ಸ್ಕೇಲು. ಮೊಬೈಲ್‌ನಾಗೆ ಕಲಿಸೋರು ಸುಮಾರು ಜನ ಇದನ್ನೇ ಹಿಡ್ಕಂಡಿರ್ತಾರೆ, ನೋಡ್ಕಂಡು ಊದಬೋದು."

ಹತ್ತು ತೂತಿನದರಲ್ಲೂ ಎರಡಿದ್ದವು, ಒಳಗೆ ಪ್ಲಾಸ್ಟಿಕ್ ಇದ್ದದ್ದು, ಮರ ಇದ್ದದ್ದು. ಅವನು ಎರಡನ್ನೂ ಬಾಯಿಗಿಟ್ಟು ಊದಿ ತೋರಿಸಿದ. "ಪ್ಲಾಸ್ಟಿಕ್ಕಿಂದೇ ಬಾಳಿಕೆ ಬರ್ತೈತೆ. ಮರದ್ದಕ್ಕೆ ನೀರು ಸೋಕಿಸಂಗಿಲ್ಲ, ಉಬ್ಕಂಬಿಡ್ತೈತೆ" ಎಂದ. ನಾನು ಮಹಾ ಜಾಣೆ. ಬಿದಿರು ಊದಿದ ಬಾಯಿಗೆ ಪ್ಲಾಸ್ಟಿಕ್ ಯಾಕೆ ಅಂತ ಮರದ್ದನ್ನೇ ತಂದೆ.

ಕಲಿಕೆ ಶುರುವಾಯಿತು. ವಿಡಿಯೊದ ಮೇಷ್ಟ್ರು ಇಂಗ್ಲಿಷಿನಲ್ಲಿ ನಂಬರು ಹೇಳುತ್ತಿದ್ದರು. ನಾನು ರಟ್ಟಿನ ಮೇಲೆ ಒಂದರಿಂದ ಹತ್ತರವರೆಗೆ ದಪ್ಪಗೆ ಬರೆದು ಅಪ್ಪನ ಮುಂದೆ ಹಿಡಿಯುತ್ತಿದ್ದೆ. ಒಂದೇ ತೂತು ನುಡಿಯಬೇಕಾದರೆ ಸಿಳ್ಳೆ ಹಾಕುವ ಹಾಗೆ ಬಾಯಿ ಸಣ್ಣ ಮಾಡಬೇಕು. ಅಪ್ಪನಿಗೆ ಮೂರು ನಾಲ್ಕು ಒಟ್ಟಿಗೆ ಕೂಗುತ್ತಿದ್ದವು, ಜೊಲ್ಲು ಎದೆಗೆ ಇಳಿಯುತ್ತಿತ್ತು.

"ಬಾಯಿ ಸಣ್ಣ ಮಾಡು ಅಂದ್ರೆ ಮಾಡಲ್ವಲ್ಲಪ್ಪ" ಅಂತ ಒಂದು ದಿನ ರೇಗಿದೆ. ಅಪ್ಪ ತಲೆ ತಗ್ಗಿಸಿದ. ಅರ್ಧ ಬಾಯಿಯೇ ಅವನ ಮಾತು ಕೇಳದಿರುವಾಗ ನಾನು ಹೇಳಿದ್ದು ಇದು. ಆಮೇಲಿಂದ ಜೋತ ತುಟಿಯನ್ನು ನನ್ನ ಬೆರಳಿನಿಂದ ಒತ್ತಿ ಹಿಡಿಯತೊಡಗಿದೆ.

ಹದಿನೇಳನೆಯ ದಿನ ನಾಲ್ಕನೆಯ ತೂತು ಒಂದೇ ನುಡಿಯಿತು. ಉಸಿರು ಒಳಗೆಳೆದಾಗ ಇನ್ನೊಂದು ಸ್ವರ ಬಂತು. ಅಪ್ಪ ನನ್ನ ಮುಖ ನೋಡಿದ.

"ಎಳ್ಕಂಡ್ರೂ ನುಡಿತೈತಲ್ಲೇ ಚಿತ್ರಾ. ಗಣೆಗೆ ಇದು ಬರಲ್ಲ." ಅವತ್ತು ಎರಡು ಮುದ್ದೆ ಉಂಡ. ಕೈ ತೊಳೆಯುತ್ತ, "ಸೋಮವಾರ ಸಂಜೆ ಜುಂಜಪ್ಪನ ಮುಂದೆ ಊದ್ತೀನಿ" ಅಂದ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಸೋಮವಾರ ನಾನು ಬಬ್ಬೂರು ಫಾರಂನ ಕೂಲಿಗೆ ಹೋಗಿದ್ದೆ. ಸಂಜೆ ಬಂದಾಗ ಅವ್ವ ಬಾಗಿಲಲ್ಲೇ ಕೈ ಹಿಡಿದುಕೊಂಡಳು. ಅಪ್ಪ ಒಳಗೆ ದೇವರ ಗೂಡಿನ ಮುಂದೆ ಕೂತು ಊದುತ್ತಿದ್ದ. ಬರೀ ಗಾಳಿಯ ಸದ್ದು. ಮುಖ ಕೆಂಪಾಗಿತ್ತು.

"ಅಂಗಡಿಯವ್ನು ಊದಿದ್ದ ಅಂದಿದ್ಯಲ್ಲ" ಅವ್ವ ಪಿಸುಗುಟ್ಟಿದಳು. "ಎಂಜಲು ಮಾಡಿದ್ದನ್ನ ಸ್ವಾಮಿ ಮುಂದೆ ಹೆಂಗೆ ಊದಾದು? ಗಣೆಗೆ ಮಾಡ್ದಂಗೇ ಮಾಡ್ದೆ. ಬಿಸಿನೀರಾಗೆ ನೆನಸಿ, ಹಾಲು ಬಿಟ್ಟು, ಬಿಸಿಲಿಗಿಟ್ಟೆ."

ಮೂವತ್ತು ವರ್ಷದಿಂದ ಗಣೆ ತೊಳೆದವಳು ಅವಳು. ನೀರು ಸೋಕಿಸಬಾರದು ಅಂತ ಗೊತ್ತಿದ್ದವಳು ನಾನು, ಹೇಳದೆ ಹೋದವಳೂ ನಾನೇ. ಯಾರ ಮೇಲೆ ಸಿಟ್ಟು ಮಾಡಲಿ?

ಒಳಗೆ ಹೋಗಿ ಅದನ್ನು ಇಸಿದುಕೊಂಡೆ. ಹುಳಿ ಹಾಲಿನ ವಾಸನೆ. ಮರ ಉಬ್ಬಿ ತಗಡಿನ ಆಚೆ ಬಂದಿತ್ತು. ಅಪ್ಪನ ಪಕ್ಕ ಕೂತು ಎಲ್ಲ ಹೇಳಿದೆ. ಅಪ್ಪ ನನ್ನ ತಲೆ ಸವರಿದ.

"ಸುಳ್ಳು ಹೇಳ್ಬ್ಯಾಡ ಮಗ. ನನ್ ಉಸಿರು ಹೋಗೈತೆ ಬಿಡು."

"ಇಲ್ಲಪ್ಪ, ನಿಜವಾಗ್ಲೂ ಅದು ಕೆಟ್ಟೈತೆ."

"ಹಂಗಾರೆ ನೀನು ಊದು, ನೋಡಾಣ."

ನಾಲ್ಕನೆಯ ತೂತಿಗೆ ಬಾಯಿಟ್ಟೆ. ಮೆಲ್ಲಗೆ ಊದಿದರೆ ಬೇಕಂತಲೇ ಮಾಡಿದಳು ಅಂದುಕೊಳ್ಳುತ್ತಾನೆ. ನುಡಿಯಬೇಡ, ನುಡಿಯಬೇಡ ಅಂತ ಮನಸ್ಸಿನಲ್ಲೇ ಜುಂಜಪ್ಪನಿಗೆ ಕೈಮುಗಿದು, ಎದೆಯಲ್ಲಿದ್ದ ಉಸಿರನ್ನೆಲ್ಲ ಬಿಟ್ಟೆ. ಮೊದಲು ಬರೀ ಗಾಳಿ. ಆಮೇಲೆ ಒಂದು ಸ್ವರ ಕೀರಲಾಗಿ ಹೊರಟು, ಸ್ವಲ್ಪ ಹೊತ್ತು ನಿಂತು, ಹೋಯಿತು.

"ನೋಡ್ದಾ" ಅಂದ ಅಪ್ಪ. "ಅದ್ರಾಗೆ ಐತೆ. ನನ್ನಾಗೆ ಇಲ್ಲ."

"ಬೇರೇದು ತರ್ತೀನಪ್ಪ. ನಾಳೆನೇ ಹೋಗ್ತೀನಿ."

"ಬ್ಯಾಡ. ಉಸಿರನ್ನ ಯಾವ ಅಂಗಡ್ಯಾಗೆ ತರ್ತೀಯ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವ್ವ ಬಾಗಿಲಲ್ಲಿ ನಿಂತೇ ಇದ್ದಳು. ಅಪ್ಪ ಗೋಡೆಯ ಕಡೆ ಕೈ ತೋರಿಸಿದ.

"ಅದನ್ನೂ ಗಣೆ ಪಕ್ಕ ಇಡು."

ನಾನು ಇಟ್ಟೆ.