ಕೆಲಸದ ದಿನದ ಮಾತ್ರೆ

ಶನಿವಾರ ಬೆಳಿಗ್ಗೆ ವರ್ಲಿನ್ ಸ್ಟ್ಯಾಂಪರ್ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಗುದ್ದಿದ. ಕಾರಣ ಕೇಳಿದರೆ ನಗಬೇಕು, ಹಾಲು ಮುಗಿದಿತ್ತು. ತಗಡು ಒಳಕ್ಕೆ ತಗ್ಗಿತು, ಅವನ ಗೆಣ್ಣಿನಿಂದ ರಕ್ತ ಬಂತು. ತಿಂಡಿ ತಿನ್ನುತ್ತಿದ್ದ ಆರು ವರ್ಷದ ಮಗಳು ಟ್ಯಾಬಿ ಚಮಚ ಕೆಳಗಿಟ್ಟು, ಯಾರೂ ಹೇಳದೆಯೇ ಮೇಜಿನ ಅಡಿಗೆ ಸರಿದು ಕೂತಳು. ಹೆಂಡತಿ ನೋರೀನ್ ಒಲೆ ಆರಿಸಿ ಅತ್ತ ನೋಡಿದಳು. ಮಗು ಅಳಲಿಲ್ಲ. ಎಲ್ಲಿ ಅವಿತುಕೊಳ್ಳಬೇಕೆಂದು ಅದಕ್ಕೆ ಆಗಲೇ ರೂಢಿಯಾಗಿಹೋಗಿತ್ತು.

"ಇವತ್ತು ಫ್ರಿಜ್ಜು, ಹೋದ ವಾರ ನಾಯಿಗೆ ಒದ್ದೆ," ಎಂದಳು ನೋರೀನ್. ದನಿ ಏರಿಸಲಿಲ್ಲ. "ಇನ್ನೊಂದ್ಸಲ ಯಾರ ಮೇಲಾದ್ರೂ ಕೈ ಮಾಡು ವರ್ಲಿನ್, ಮಗೂನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ. ಹೆದರಿಸ್ತಿಲ್ಲ, ಹೇಳ್ತಿದೀನಿ ಅಷ್ಟೆ."

"ಹಾಲಿಲ್ಲ ಅಂದ್ರೆ ಮನುಷ್ಯನಿಗೆ ಸಿಟ್ಟು ಬರಲ್ವಾ?"

"ಹೋದ ಶನಿವಾರ ನಾಯಿಗೆ ಒದ್ದಾಗ ಹಾಲಿತ್ತಲ್ಲ."

ವರ್ಲಿನ್ ಫ್ರಿಜ್ಜಿನ ಬಾಗಿಲು ದೂಡಿ ಮುಚ್ಚಿದ. ಕೈಗೆ ಬಟ್ಟೆ ಸುತ್ತಿಕೊಂಡು ಹೊರಗೆ ಹೋದ.

ಐದು ತಿಂಗಳ ಹಿಂದೆ ಈ ಮನುಷ್ಯ ಹೀಗಿರಲಿಲ್ಲ. ಬೇರೆ ಥರ ಕೆಟ್ಟಿದ್ದ, ಅದು ಬೇರೆ ಮಾತು. ಕೆಂಟಕಿಯ ಆ ಕಣಿವೆಯಲ್ಲಿ ಅವನದು ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ. ಗರಗಸದ ಮುಂದೆ ನಿಂತರೆ ಮನಸ್ಸು ಮೀನು ಹಿಡಿಯಲು ಹೊಳೆಗೆ ಹೊರಟುಬಿಡುತ್ತಿತ್ತು. ಹೇಳಿದ್ದು ಅರ್ಧ ಕೇಳುತ್ತಿದ್ದ, ಹಿಡಿದದ್ದು ಅರ್ಧಕ್ಕೇ ಬಿಡುತ್ತಿದ್ದ, ಆದರೆ ಮನೆಯಲ್ಲಿ ಒಂದು ಇರುವೆಗೂ ಗದರಿದವನಲ್ಲ. ಜನವರಿಯಲ್ಲಿ ಗರಗಸ ಅವನ ಎಡಗೈ ಕಿರುಬೆರಳಿನ ತುದಿ ತೆಗೆದುಕೊಂಡು ಹೋಯಿತು. ಇನ್ನೊಂದು ಸಲ ಹೀಗಾದರೆ ಮನೆಗೆ ಎಂದ ಮೇಸ್ತ್ರಿ. ನೋರೀನಳೇ ಎಳೆದುಕೊಂಡು ಹೋಗಿ ಕ್ಲಿನಿಕ್ಕಿನಲ್ಲಿ ಕೂರಿಸಿದಳು. ಗಮನ ನಿಲ್ಲದ ಕಾಯಿಲೆ ಇದು, ಚಿಕ್ಕಂದಿನಿಂದಲೂ ಇದ್ದಿರಬೇಕು ಎಂದು ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು, ಬೆಳಿಗ್ಗೆ.

ಮಾತ್ರೆ ಕೆಲಸ ಮಾಡಿತು, ಅದನ್ನು ಅಲ್ಲಗಳೆಯುವಂತಿಲ್ಲ. ಮೂವತ್ತೈದು ವರ್ಷ ಗಜಿಬಿಜಿಯಾಗಿದ್ದ ತಲೆ ಮೊದಲ ಬಾರಿಗೆ ತೆಪ್ಪಗಾಯಿತು. ಮೇಸ್ತ್ರಿ ಬೆನ್ನು ತಟ್ಟಿದ. ಆದರೆ ನಾಲ್ಕು ಗಂಟೆ ಹೊಡೆಯಿತೋ, ಮಾತ್ರೆ ಇಳಿಯುತ್ತಿದ್ದಂತೆ ಅವನೂ ಇಳಿಯುತ್ತಿದ್ದ. ಮನೆಯ ಮುಂದೆ ಗಾಡಿ ನಿಲ್ಲಿಸಿ ಸ್ಟೀರಿಂಗ್ ಹಿಡಿದುಕೊಂಡು ಅರ್ಧ ಗಂಟೆ ಕೂತಿರುತ್ತಿದ್ದ. ಕಾರಣವಿಲ್ಲದೆ ಕಣ್ಣಲ್ಲಿ ನೀರು. ಬದುಕೆಲ್ಲ ದಂಡ, ಹೆಂಡತಿ ಮಕ್ಕಳಿಗೆ ತಾನೊಂದು ಪೀಡೆ ಎನ್ನಿಸುತ್ತಿತ್ತು. ಆಮೇಲೆ ಬಾಗಿಲು ತೆಗೆದು ಒಳಗೆ ಬಂದರೆ ಆ ದುಃಖವೆಲ್ಲ ಸಿಟ್ಟಾಗಿ, ಎದುರಿಗೆ ಸಿಕ್ಕಿದವರ ಮೇಲೆ.

ಕ್ಲಿನಿಕ್ಕಿನಲ್ಲಿ ತಿಂಗಳಿಗೊಮ್ಮೆ ಪ್ರಶ್ನೆಗಳಿದ್ದ ಒಂದು ಕಾಗದ ಕೊಡುತ್ತಿದ್ದರು. ಮನಸ್ಸಿಗೆ ಮಂಕು ಕವಿಯುತ್ತದೆಯೇ, ವಿನಾಕಾರಣ ಸಿಟ್ಟು ಬರುತ್ತದೆಯೇ? "ಬಂದ್ರೆ ಮುಚ್ಚಿಡ್ಬೇಡಿ. ಕಮ್ಮಿ ಮಾಡ್ಬಹುದು, ಬೇರೆ ಕೊಡ್ಬಹುದು," ಎಂದು ಅಲ್ಲಿಯ ಹೆಂಗಸು ಬಾಯಿಬಿಟ್ಟು ಹೇಳಿದ್ದಳು. ಇವನು ಐದು ತಿಂಗಳೂ ಎಲ್ಲದಕ್ಕೂ "ಇಲ್ಲ" ಎಂದೇ ಗುರುತು ಹಾಕಿದ. ಹೌದು ಎಂದರೆ ಮಾತ್ರೆ ಕಿತ್ತುಕೊಳ್ಳುತ್ತಾರೆ, ಮತ್ತೆ ಗರಗಸದ ಮುಂದೆ ಹಳೇ ವರ್ಲಿನ್ ನಿಲ್ಲಬೇಕು. ಆ ಭಯ ಅವನ ಬಾಯಿಗೆ ಬೀಗ ಹಾಕಿತ್ತು.

ಇದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿತ್ತು. ಆ ಕಣಿವೆಯ ಗಂಡಸರ ಲೆಕ್ಕದಲ್ಲಿ ಔಷಧಿ ಅಂದರೆ ಕೆಲಸಕ್ಕೆ ಹೋಗಲು ಬೇಕಾದದ್ದು. ಸೊಂಟ ಹಿಡಿದರೆ ಮಾತ್ರೆ ನುಂಗಿ ಮಿಲ್ಲಿಗೆ ಹೋಗುತ್ತಾರೆ, ರಜಾ ದಿನ ನರಳಿಕೊಂಡು ಬಿದ್ದಿರುತ್ತಾರೆ. ರಜೆಯಲ್ಲೂ ಮಾತ್ರೆ ತಿನ್ನುವವನು ಗಂಡಸೇ ಅಲ್ಲ. ವರ್ಲಿನ್ನನ ಅಪ್ಪ ಹಾಗೇ ಬದುಕಿದ, ಹಾಗೇ ಸತ್ತ. ಹಾಗಾಗಿ ಇವನೂ ಶನಿವಾರ, ಭಾನುವಾರ ಮಾತ್ರೆ ಮುಟ್ಟುತ್ತಿರಲಿಲ್ಲ. ಉಳಿದದ್ದನ್ನು ಖಾಲಿ ತಂಬಾಕಿನ ಡಬ್ಬಿಗೆ ಹಾಕಿ ಗಾಡಿಯಲ್ಲಿಟ್ಟಿದ್ದ. ಐದು ದಿನ ಏರಿಸಿ ಎರಡು ದಿನ ಧೊಪ್ಪನೆ ಬೀಳಿಸಿದರೆ ತಲೆ ಏನಾಗಬೇಕು? ನೋರೀನಳಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಆ ಶನಿವಾರ ಕಾರು ಗುದ್ದಾಟವಿತ್ತು. ಊರಿನ ಬೆಂಕಿ ಆರಿಸುವ ದಳದ ಹುಡುಗರು ವರ್ಷಕ್ಕೊಮ್ಮೆ ಹಾಳುಬಿದ್ದ ಜಲ್ಲಿ ಕ್ವಾರಿಯಲ್ಲಿ ನಡೆಸುವ ಆಟ. ಗುಜರಿ ಕಾರುಗಳ ಗಾಜು ಕಿತ್ತು, ಒಂದಕ್ಕೊಂದು ಗುದ್ದಿಸಿ, ಕೊನೆಗೆ ಅಲುಗಾಡುವ ಕಾರು ಯಾವುದೋ ಅದು ಗೆದ್ದಂತೆ. ಕಟ್ಟುನಿಟ್ಟಿನ ನಿಯಮ ಎರಡೇ. ಡ್ರೈವರ್ ಕಡೆಯ ಬಾಗಿಲಿಗೆ ಬಿಳಿ ಬಣ್ಣ ಬಳಿದಿರುತ್ತದೆ, ಅಲ್ಲಿಗೆ ಗುದ್ದಬಾರದು. ಮತ್ತೆ ಪ್ರತಿ ಕಾರಿನ ಕಿಟಕಿಗೆ ಒಂದು ಕೋಲು ಕಟ್ಟಿರುತ್ತದೆ. ಸಾಕು ಅನ್ನಿಸಿದವನು ಅದನ್ನು ಲಟಕ್ಕನೆ ಮುರಿಯಬೇಕು. ಕೋಲು ಮುರಿದವನಿಗೆ ಗುದ್ದಿದವನು ಆ ಊರಲ್ಲಿ ತಲೆ ಎತ್ತಿಕೊಂಡು ತಿರುಗುವಂತಿಲ್ಲ.

ವರ್ಲಿನ್ನನ ಗುದ್ದಾಟದ ಕಾರನ್ನು ಕಟ್ಟಿಕೊಟ್ಟವನು ನೋರೀನಳ ತಮ್ಮ ಹರ್ಷೆಲ್. ಇಪ್ಪತ್ತಾರರ ಹುಡುಗ, ಬೆಂಕಿದಳದ ನೀರಿನ ಲಾರಿ ಓಡಿಸುವವನು, ಬಾಯಿ ಬೊಂಬಾಯಿ. ಭಾವನೆಂದರೆ ಪ್ರಾಣ, ಆದರೆ ಕಾಲೆಳೆಯದೆ ಒಂದು ಗಳಿಗೆ ಇರಲಾರ.

ಗುದ್ದಾಟಕ್ಕೆ ಚುರುಕಾದ ತಲೆ ಬೇಕು, ಇದೂ ಕೆಲಸವೇ ತಾನೇ ಎಂದುಕೊಂಡ ವರ್ಲಿನ್. ಎರಡು ಗಂಟೆಗೆ ಡಬ್ಬಿ ತೆಗೆದು, ಬೆಳಗಿನದೂ ಸೇರಲಿ ಎಂದು ಎರಡು ಮಾತ್ರೆ ಒಟ್ಟಿಗೆ ನುಂಗಿದ.

ಐದಕ್ಕೆ ಕ್ವಾರಿಯಲ್ಲಿ ನಿಂತಾಗ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು, ದವಡೆ ಬಿಗಿದಿತ್ತು, ಬಾಯಿ ಒಣಗಿತ್ತು. ಹರ್ಷೆಲ್ ಕಾರಿನ ಮೇಲೆ ಕೂತು ಎಲ್ಲರೆದುರು ಶುರುಮಾಡಿದ.

"ಏನ್ ಭಾವ, ಬೆಳಿಗ್ಗೆ ಫ್ರಿಜ್ ಜೊತೆ ಪ್ರಾಕ್ಟೀಸ್ ನಡೀತಂತೆ? ಯಾರು ಗೆದ್ರು?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ದಳದ ಮುಖ್ಯಸ್ಥ, ಮುದುಕ ಓಟಿಸ್, "ಫ್ರಿಜ್ಜು ಕೋಲು ಮುರೀತೇನಯ್ಯಾ?" ಎಂದು ಒಗ್ಗರಣೆ ಹಾಕಿದ. ಬೇರೆ ವರ್ಷವಾಗಿದ್ದರೆ ವರ್ಲಿನ್ನೇ ಮೊದಲು ನಗುತ್ತಿದ್ದ. ಈಗ ಮೈಯೆಲ್ಲ ಉರಿದುಹೋಯಿತು. ಮನೆಯ ಮಾತು ಇವನ ಕಿವಿಗೆ ಹೇಗೆ ಹೋಯಿತು? ಅಕ್ಕ ತಮ್ಮ ಸೇರಿಕೊಂಡು ನಗುತ್ತಿದ್ದಾರೆ. ಆ ಒಂದು ಯೋಚನೆ ತಲೆಯೊಳಗೆ ಮೊಳೆಯಂತೆ ಕೂತುಬಿಟ್ಟಿತು. ಬೇಡವೆಂದರೂ ಅಲ್ಲಿಂದ ಕದಲಲಿಲ್ಲ.

ಒಂಬತ್ತು ಕಾರು ಇಳಿದವು. ಮಣ್ಣು, ಹೊಗೆ, ತಗಡು ಹರಿಯುವ ಸದ್ದು. ವರ್ಲಿನ್ ಎಂದೂ ಹೀಗೆ ಓಡಿಸಿರಲಿಲ್ಲ. ಹಿಂದಕ್ಕೆ ಓಡಿಸಿ ತನ್ನ ಕಾರಿನ ಹಿಂಬದಿಯಿಂದ ಒಬ್ಬನ ಎಂಜಿನ್ ಪುಡಿಮಾಡಿದ. ಇನ್ನೊಬ್ಬನ ಚಕ್ರವನ್ನು ಅಚ್ಚಿನ ಸಮೇತ ಮುರಿದ. ಮೂರನೆಯವನು ಕೋಲು ಮುರಿಯಲು ಕೈ ಚಾಚುವಷ್ಟರಲ್ಲಿ ಅವನ ಕಾರಿಗೆ ಎರಡು ಸಲ ಬಡಿದ. ಸ್ಟೀರಿಂಗ್ ಮುಖಕ್ಕೆ ಬಡಿದು ತುಟಿ ಸೀಳಿತು. ಬಾಯಿತುಂಬ ರಕ್ತ. ನೋವು ಗೊತ್ತೇ ಆಗಲಿಲ್ಲ. ಜನ ಕೂಗುತ್ತಿದ್ದುದು ದೂರದಲ್ಲೆಲ್ಲೋ ಕೇಳುತ್ತಿತ್ತು. ಕೊನೆಗೆ ಉಳಿದದ್ದು ಇಬ್ಬರು, ಅವನು ಮತ್ತು ಹರ್ಷೆಲ್.

ಹರ್ಷೆಲ್‌ನ ರೇಡಿಯೇಟರ್ ಒಡೆದು ಬಿಸಿ ಹಬೆ ಬುಸುಗುಟ್ಟಿತು, ಎಂಜಿನ್ ಸತ್ತಿತು. ಅವನು ಕಿಟಕಿಯಿಂದ ಕೈ ಹಾಕಿ ಕೋಲು ಮುರಿದ. ಮುರಿದ ತುಂಡನ್ನು ಎತ್ತಿ ತೋರಿಸುತ್ತ, "ಆಯ್ತು ಭಾವ, ನಿಂದೇ!" ಎಂದು ಕೂಗಿದ. ಸುಮ್ಮನಿರಬಾರದೇ ಪುಣ್ಯಾತ್ಮ! ಮುಷ್ಟಿ ಬಿಗಿದು ಫ್ರಿಜ್ಜಿಗೆ ಗುದ್ದುವ ಹಾಗೆ ಗಾಳಿಗೆ ಗುದ್ದಿ ತೋರಿಸಿ ನಕ್ಕ.

ವರ್ಲಿನ್ ಹೆಗಲ ಮೇಲಿಂದ ತಿರುಗಿ ನೋಡಿದ. ಮುರಿದ ಕೋಲು ಕಂಡಿತು. ಬಿಳಿ ಬಾಗಿಲು ಕಂಡಿತು, ಅದರ ಮೇಲೆ ಊರಿದ್ದ ಮೊಣಕೈ ಕಂಡಿತು. ಗೇರನ್ನು ಹಿಂದಕ್ಕೆ ಹಾಕಿ ಆಕ್ಸಿಲರೇಟರನ್ನು ತಳ ಮುಟ್ಟುವವರೆಗೆ ಒತ್ತಿದ.

ಬಾಗಿಲು ಒಳಕ್ಕೆ ಮಡಚಿಕೊಂಡಿತು. ಅವನು ಕಾಲು ತೆಗೆಯಲಿಲ್ಲ. ಎಂಜಿನ್ ಅರಚುತ್ತಿತ್ತು, ಹರ್ಷೆಲ್‌ನ ಕಾರು ಅಡ್ಡಡ್ಡ ಜಾರಿ ಕ್ವಾರಿಯ ಕಲ್ಲುಗೋಡೆಗೆ ಅಂಟಿತು, ಇವನು ಇನ್ನೂ ಒತ್ತಿದ. ಒಳಗಿಂದ ಹರ್ಷೆಲ್ ಚೀರುವುದು ಕೇಳಿಸಿತು. ಅದು ಹಿತವಾಗಿತ್ತು. ಹೌದು, ಆ ಒಂದು ಗಳಿಗೆ ಹಿತವಾಗಿತ್ತು. ಚೀರಾಟ ನಿಂತಾಗಲೇ ಅವನ ಕಾಲು ತಾನಾಗಿ ಮೇಲೆದ್ದದ್ದು.

ದಳದ ಹುಡುಗರೇ ತಮ್ಮ ಹುಡುಗನನ್ನು ತಗಡು ಕತ್ತರಿಸಿ ಹೊರತೆಗೆದರು. ಎಡಗಾಲು ತೊಡೆಯಿಂದ ಕೆಳಗೆ ಕಾಲಿನಂತಿರಲಿಲ್ಲ. ಓಟಿಸ್ ವರ್ಲಿನ್ನನ ಕಾಲರ್ ಹಿಡಿದು ಕೇಳಿದ. "ಆಕ್ಸಿಲರೇಟರ್ ಕಚ್ಕೊಂಡ್ತು. ಅಲ್ವೇನಯ್ಯಾ? ಕಚ್ಕೊಂಡ್ತು ತಾನೇ?"

ವರ್ಲಿನ್ ಹೌದೆಂದು ತಲೆಯಾಡಿಸಿದ. ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಹಳೇ ಗಾಡಿ, ಆಗುತ್ತದೆ. ಪೊಲೀಸಿನವನೂ ಹಾಗೇ ಬರೆದುಕೊಂಡ.

ಆಸ್ಪತ್ರೆಯಲ್ಲಿ ಬೆಳಗಾಯಿತು. ಕಾಲನ್ನು ಮಂಡಿಯ ಮೇಲೆ ತೆಗೆದಿದ್ದರು. ಎರಡು ಮಾತ್ರೆಯ ಅಮಲು ಇಳಿದು ವರ್ಲಿನ್ ಬೆಂಚಿನ ಮೇಲೆ ಒದ್ದೆ ಮೂಟೆಯ ಹಾಗೆ ಬಿದ್ದಿದ್ದ. ನೋರೀನ್ ಬಂದು ಪಕ್ಕದಲ್ಲಿ ಕೂತಳು. ಅತ್ತು ಅತ್ತು ಮುಖ ಊದಿತ್ತು. ಅವನ ತಲೆ ಸವರಿದಳು.

"ಆಪರೇಷನ್‌ಗೆ ಮುಂಚೆ ಹರ್ಷೆಲ್ಲೇ ಹೇಳ್ದ. ಆಕ್ಸಿಲರೇಟರ್ ಸ್ಪ್ರಿಂಗ್ ಸರಿ ಇರ್ಲಿಲ್ಲ, ತಾನೇ ಹಾಕಿದ್ದು, ತನ್ನದೇ ತಪ್ಪು ಅಂದ. ನಾನು..." ಅವಳು ಮೂಗು ಒರೆಸಿಕೊಂಡಳು. "ನಾನು ನೀನೇ ಬೇಕೂಂತ ಮಾಡ್ದೆ ಅಂದ್ಕೊಂಡೆ. ಅವನು ಹೇಳೋವರೆಗೂ ಹಾಗೇ ಅಂದ್ಕೊಂಡು ಕೂತಿದ್ದೆ. ತಪ್ಪಾಯ್ತು ಕಣೋ."

ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಹೊಡೆದಿದ್ದರೂ ಸರಿ. ಅವಳು ತಪ್ಪಾಯ್ತು ಎಂದದ್ದನ್ನು ತಾಳಲಾಗಲಿಲ್ಲ.

"ಕಚ್ಕೊಂಡಿರ್ಲಿಲ್ಲ," ಎಂದ.

"ಏನು?"

"ಸ್ಪ್ರಿಂಗ್ ಸರಿಯಾಗೇ ಇತ್ತು. ಕೋಲು ಮುರಿದಿದ್ದು ನೋಡ್ದೆ. ನೋಡೇ ಗುದ್ದಿದ್ದು."

ತಲೆಯ ಮೇಲಿದ್ದ ಕೈ ಹಿಂದಕ್ಕೆ ಹೋಯಿತು. ಅವನು ಎಲ್ಲವನ್ನೂ ಹೇಳಿದ. ಸಂಜೆಯ ಅಳು, ಡಬ್ಬಿ, ಎರಡು ಮಾತ್ರೆ, ತಿಂಗಳು ತಿಂಗಳೂ ಸುಳ್ಳು ಹೇಳಿದ ಕಾಗದ. 

"ಅವರು ಕೇಳಿದ್ರು. ನಾನೂ ಕೇಳ್ದೆ, ಏನಾಗ್ತಿದೆ ಅಂತ ಕೈ ಹಿಡ್ಕೊಂಡು ಕೇಳ್ದೆ," ಎಂದಳು ಕೊನೆಗೆ. "ಒಂದು ಮಾತು ಹೇಳಿದ್ರೆ ಬೇರೆ ಮಾತ್ರೆ ಕೊಡ್ತಿದ್ರು. ಅಷ್ಟೇ ಇದ್ದಿದ್ದು ವರ್ಲಿನ್. ಒಂದು ಮಾತು."

ಎದ್ದಳು. "ನಾನು ಅಮ್ಮನ ಮನೆಗೆ ಹೋಗ್ತೀನಿ. ಟ್ಯಾಬಿ ಅಲ್ಲೇ ಇದಾಳೆ. ಹರ್ಷೆಲ್‌ಗೆ ನೀನೇ ಹೇಳು."

ಹರ್ಷೆಲ್ ಕಣ್ಣು ಬಿಟ್ಟಾಗ ಹತ್ತು ಗಂಟೆ ದಾಟಿತ್ತು. ಮುಖ ಸುಣ್ಣದ ಹಾಗಿತ್ತು. ಭಾವನನ್ನು ನೋಡಿ ನಗಲು ನೋಡಿದ, ಆಗಲಿಲ್ಲ.

"ನಿನ್ನ ಕಣ್ಣು ನೋಡ್ದೆ ಭಾವ ನಾನು," ಎಂದ ಮೆಲ್ಲಗೆ. "ಗೊತ್ತು ನನಗೆ. ಅಕ್ಕನಿಗೆ ಮಾತ್ರ ಹೇಳ್ಬೇಡ. ಬಿಟ್ಟು ಹೋಗ್ತಾಳೆ. ನನ್ನ ಕಾಲಂತೂ ಹೋಯ್ತು, ನಿಮ್ಮ ಮನೆಯಾದ್ರೂ ಉಳೀಲಿ ಅಂತ ಆ ಸುಳ್ಳು ಹೇಳ್ದೆ."

"ಹೇಳ್ಬಿಟ್ಟೆ ಹರ್ಷೆಲ್. ಅವಳು ಹೋದ್ಲು."

 ಕಾಲಿಲ್ಲದ ಕಡೆ ಹೊದಿಕೆ ಚಪ್ಪಟೆಯಾಗಿ ಬಿದ್ದಿತ್ತು, ಹರ್ಷೆಲ್ ಅದನ್ನೇ ನೋಡಿದ. "ಹಾಗಾದ್ರೆ ಕಾಲೂ ಸುಮ್ನೆ ಹೋಯ್ತಲ್ಲ ಭಾವ," ಎಂದ.

ಡ್ರಿಪ್ ಬದಲಾಯಿಸಲು ನರ್ಸ್ ಬಂದಳು. ವರ್ಲಿನ್ ಅವಳ ದಾರಿಗೆ ಅಡ್ಡ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಟೋಪಿ ಹಿಸುಕುತ್ತಿದ್ದ.

"ನನ್ನನ್ನೂ ಯಾರಾದ್ರೂ ನೋಡ್ಬೇಕು ತಾಯಿ. ಸಂಜೆಯಾದ್ರೆ ಯಾರನ್ನಾದ್ರೂ ಕೊಲ್ಬೇಕು ಅನ್ಸುತ್ತೆ. ಯಾರೂ ಸಿಗದಿದ್ರೆ ನನ್ನನ್ನೇ."

ಅವಳು ಬಾಟಲಿ ಕೆಳಗಿಟ್ಟು ಅವನ ಮುಖ ನೋಡಿದಳು. "ಎಷ್ಟು ದಿನದಿಂದ ಹೀಗೆ?"

"ಐದು ತಿಂಗಳಿಂದ."

ಹಾಸಿಗೆಯ ಮೇಲಿದ್ದ ಹರ್ಷೆಲ್ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.