ಕಾಲಿಲ್ಲದ ಗಿಟಾರ್ ರಾಣಿ

ದಾರಿ ಬಿಡಿ! ಟೋಕಿಯೊದಲ್ಲಿ ಮರದಚ್ಚು ಕೆತ್ತುವವರು ಎಷ್ಟೇ ಮಂದಿ ಇರಲಿ, ಮಾಡಿದ ತಪ್ಪಿಗೆ ಎದೆಯುಬ್ಬಿಸಿ ಡೈಲಾಗ್ ಹೊಡೆದು ಗೆದ್ದವಳು ಒಬ್ಬಳೇ, ನಮ್ಮ ಚಿಗುಸಾ. ಓದಿ, ಆಮೇಲೆ ಶಿಳ್ಳೆ ಹಾಕಿ.

ಸಾವು, ಸ್ಮಶಾನ ಎಂದು ಅರಚುವ ಮೆಟಲ್ ತಂಡದ ಗಾಯಕಿ ಮಿಜೋರೆಗೆ ಹೊಸ ಆಲ್ಬಮ್ಮಿಗಾಗಿ ಹಳೇ ಕಾಲದ ಮರದಚ್ಚಿನ ಚಿತ್ರ ಬೇಕಿತ್ತು: ಕಿಮೋನೊ ಉಟ್ಟು, ತಲೆಬುರುಡೆಗಳ ನಡುವೆ ಗಿಟಾರ್ ಬಾರಿಸುವ ತಾನು. ಆರು ವರ್ಷ ಬರೀ ಹುಲ್ಲು, ಮಳೆ ಕೆತ್ತಿದ್ದ ಚಿಗುಸಾಗೆ ಗುರು ಒಗಿನೋ ಮೊದಲ ಸಲ ಮುಖ ಕೆತ್ತಲು ಕೊಟ್ಟಿದ್ದರು. ಮಿಜೋರೆ ಬೇಡವೆಂದರೆ ಮತ್ತೆ ಹುಲ್ಲೇ ಗತಿ.

ಎರಡು ತಿಂಗಳ ಬಳಿಕ ಮಿಜೋರೆಯ ಎದುರಿಗೇ ಒಗಿನೋ ಮೊದಲ ಪ್ರತಿ ಉಜ್ಜಿ ಎತ್ತಿದರು.

"ಚಿಗುಸಾ, ಈ ಹುಡುಗಿ ಬದುಕಿದಾಳೇನಮ್ಮಾ?"

"ಏನ್ ಗುರುಗಳೇ, ಗಿಟಾರ್ ಬಾರಿಸ್ತಾ ಇದಾಳಲ್ಲ!"

"ಕಿಮೋನೊದ ಬಲಗಡೆ ಅಂಚು ಮೇಲೆ ಬಂದಿದೆ. ಹೀಗೆ ಉಡಿಸೋದು ಹೆಣಕ್ಕೆ. ಚಿತ್ರಾನ ಮಗುಚಿ ಅಂಟಿಸೋದು ಮರೆತ್ಯಾ?"

ಮರೆತಿದ್ದಳು. ಹಲಗೆಗೆ ಕವುಚಿ ಅಂಟಿಸಬೇಕಾದ ಹಾಳೆಯನ್ನು ಅಂಗಾತ ಅಂಟಿಸಿ ಕೆತ್ತಿದ್ದರಿಂದ ಎಡ ಬಲವೆಲ್ಲ ಅದಲುಬದಲಾಗಿತ್ತು.

ಮಿಜೋರೆ ಕಿಟಾರನೆ ಕಿರುಚಿದಳು. "ಅಯ್ಯಯ್ಯೋ, ಅಪಶಕುನ! ಉಪ್ಪು! ಯಾರಾದ್ರೂ ನನ್ ಮೇಲೆ ಉಪ್ಪು ಎರಚ್ರೀ!"

"ಏನಮ್ಮಾ, ದಿನಾ ಶವಪೆಟ್ಟಿಗೆಯಿಂದ ಎದ್ದು ಬಂದು ಹಾಡೋಳು ನೀನು!" ಎಂದರು ಒಗಿನೋ.

"ಅದು ಸ್ಟೇಜ್ ಮೇಲೆ ಅಜ್ಜಾ! ಇದ್ರಲ್ಲಿ ನನ್ ಮುಖ ಇದೆ, ಗಲ್ಲದ ಮಚ್ಚೆ ಸಮೇತ! ನಮ್ಮಮ್ಮ ನೋಡಿದ್ರೆ ನಿಜವಾಗ್ಲೂ ಸಾಯಿಸ್ತಾಳೆ."

ಚಿಗುಸಾ ಎದ್ದು ನಿಂತಳು. ಉಳಿ ಎತ್ತಿದಳು. "ಮೇಡಂ, ನಾನ್ ತಪ್ಪು ಮಾಡಲ್ಲ. ಮಾಡಿದ್ರೆ ಅದು ಸ್ಟೈಲು! ಇವಳು ನೀವಲ್ಲ, ನಿಮ್ಮ ಹಾಡಿನ ದೆವ್ವ!" ಎಂದು ಗುಡುಗಿ, ಹಲಗೆಯ ಮೇಲಿನ ಮಚ್ಚೆಯನ್ನು ಹಾರಿಸಿದಳು. ಜಪಾನಿನ ಚಿತ್ರಗಳಲ್ಲಿ ದೆವ್ವಕ್ಕೆ ಪಾದವೆಲ್ಲಿರುತ್ತದೆ? ಪಾದ ಎರಡನ್ನೂ ಹಾರಿಸಿದಳು. ಹೊಸ ಪ್ರತಿ ನೋಡಿ ಮಿಜೋರೆ ಕುಣಿದಾಡಿದಳು.

ಸರಿ ಸರಿ, ಹಾಗೆ ದುರುಗುಟ್ಟಬೇಡಿ. ನಿಜ ಹೇಳುತ್ತೇನೆ. ಆ ಡೈಲಾಗ್ ನಾನೇ ಕಟ್ಟಿದ್ದು. ಚಿಗುಸಾ ಮಾಡಿದ್ದೇ ಬೇರೆ. ಕ್ಷಮೆ ಕೇಳಲು ಬಗ್ಗಿದ ರಭಸಕ್ಕೆ ಅವಳ ಹಣೆ ಮಸಿ ಆರದ ಹಲಗೆಗೆ ಬಡಿದು, ಎದ್ದಾಗ ಹಣೆಯ ಮೇಲೊಂದು ತಲೆಬುರುಡೆ ಅಚ್ಚಾಗಿತ್ತು. ಮಿಜೋರೆ ಹೊಟ್ಟೆ ಹಿಡಿದು ನಕ್ಕಳು. "ಲೇ, ಆ ಮಚ್ಚೆ ತೆಗಿ, ಕಾಲೂ ತೆಗಿ. ಅದು ನಾನಲ್ಲ ಅಂತಾದ್ರೆ ಸಾಕು ಮಾರಾಯ್ತಿ!" ಎಂದವಳು ಅವಳೇ. ಹಣೆಯ ಮಸಿಯನ್ನೂ ಒರೆಸದೆ ಚಿಗುಸಾ ಎರಡನ್ನೂ ತಾನೇ ಕೆತ್ತಿ ತೆಗೆದಳು. ಉಳಿಯನ್ನು ಬೇರೆಯವರಿಗೆ ಕೊಡಲಿಲ್ಲ, ಒಗಿನೋ ಕೇಳಲೂ ಇಲ್ಲ. ಮುಂದಿನ ಮುಖವನ್ನೂ ಅವಳಿಗೇ ಕೊಟ್ಟರು.