ಕಿಟಕಿ ಪಕ್ಕದ ಗಾಳಿ

ಮಿರಾನ್ ಕಡಲಪಾಚಿಯ ಹಾಳೆ ಹಾಸಿ, ಅನ್ನ ಹರಡಿ, ಮೊಟ್ಟೆ, ಪಾಲಕ್, ಮೂಲಂಗಿ ಸಾಲಾಗಿಟ್ಟು ಸುತ್ತುತ್ತಿದ್ದಳು. ಮಗಳು ಬೊಮಿಗೆ ಅಂದು ಶಾಲೆಯ ಪ್ರವಾಸ. ಸುರುಳಿ ಬಿಗಿಯಾಯಿತೋ ಇಲ್ಲವೋ ಎಂಬುದನ್ನು ಬೆರಳೇ ಹೇಳಬೇಕು. ಅವಳ ಬೆರಳು ಎರಡು ತಿಂಗಳಿಂದ ಏನನ್ನೂ ಹೇಳುತ್ತಿರಲಿಲ್ಲ. ಕತ್ತರಿಸಿದ್ದೇ ತಡ, ಬಿಲ್ಲೆಗಳು ಬಿಚ್ಚಿಕೊಂಡವು.

ಅಷ್ಟರಲ್ಲಿ ಫೋನು ಬಂತು. ಕೈಯೆಲ್ಲ ಎಳ್ಳೆಣ್ಣೆ. ಬೊಮಿಯೇ ಸ್ಪೀಕರ್ ಹಾಕಿ ಹಿಡಿದಳು.

“ಬೊಮಿಯ ಅಮ್ಮ, ಗಾಳಿಲಿ ವಿಷ ಎಷ್ಟಿದೆ ಅಂತ ಅಳೆಯೋರು ಇವತ್ತು ಬರ್ತಾರೆ,” ಎಂದ ಕಾರ್ಖಾನೆಯ ಮೇಸ್ತ್ರಿ ಕ್ವಾಕ್. “ಯಂತ್ರ ನಿನಗೇ ಕಟ್ಟಿಸ್ತೀನಿ. ತೊಟ್ಟಿ ಕಡೆ ತಲೆ ಹಾಕ್ಬೇಡ. ಕಿಟಕಿ ಪಕ್ಕ ಕೂತು ಡಬ್ಬ ಮಡಚು.”

“ತೊಟ್ಟಿಗೆ ಯಾರು?”

“ದೊಕ್ಜಾ ಅಕ್ಕ. ಅಳತೆ ಜಾಸ್ತಿ ಬಂದ್ರೆ ಸರ್ಕಾರದೋರು ಹೊಗೆ ಎಳೆಯೋ ಕೊಳವೆ ಹಾಕ್ಸು ಅಂತಾರೆ, ಅಷ್ಟು ದುಡ್ಡಿಲ್ಲ ಅಂತ ಯಜಮಾನ ಬೀಗ ಹಾಕ್ತಾನೆ. ಆಮೇಲೆ ಗಾಳಿನೇ ಉಣ್ಬೇಕು ನಾವು.”

“ಸರಿ,” ಎಂದಳು ಮಿರಾನ್.

ಬೊಮಿ ಏನೋ ಕೇಳಲು ಬಾಯಿ ತೆರೆದಳು. ತಾಯಿ ಅದರೊಳಗೆ ಸುರುಳಿಯ ತುದಿಯ ತುಂಡನ್ನು ಇಟ್ಟಳು. ಸೊಪ್ಪು ಮೊಟ್ಟೆ ಹೊರಚಾಚಿದ ಆ ತುದಿ ಬುತ್ತಿಗೆ ಸಲ್ಲದು, ಮನೆಯವರ ಪಾಲು.

“ಅಗಿ. ಬಸ್ಸು ಹೋಗುತ್ತೆ.”

ಕಾರ್ಖಾನೆಯಲ್ಲಿ ತಿರುಪುಗಳ ಜಿಡ್ಡು ತೊಳೆಯುವ ದ್ರಾವಣದ ತೊಟ್ಟಿಯ ಮುಂದೆ ದಿನವೂ ನಿಲ್ಲುವವಳು ಮಿರಾನ್, ಅವಳಿಲ್ಲದ ಹೊತ್ತು ದೊಕ್ಜಾ. ಮಾಮೂಲಿ ಕೆಲಸದ ಜಾಗದಲ್ಲೇ ಅಳೆಯಬೇಕೆಂಬುದು ನಿಯಮ. ಅಳೆಯಲು ಬಂದ ಹುಡುಗಿ, ಕಿಟಕಿ ಪಕ್ಕ ಕೂತಿದ್ದ ಅವಳ ಕಾಲರಿಗೆ ಗಾಳಿ ಹೀರುವ ಸಣ್ಣ ನಳಿಕೆ ಸಿಕ್ಕಿಸಿ, ಸೊಂಟಕ್ಕೆ ಪೆಟ್ಟಿಗೆ ಕಟ್ಟಿದಳು. ಪೆಟ್ಟಿಗೆ ದುಂಬಿಯಂತೆ ಗುಂಯ್‌ಗುಟ್ಟಿತು.

“ದಿನಾ ಇಲ್ಲೇ ಕೂರೋದಾ, ಅಕ್ಕ?”

ಆಚೆ ತುದಿಯಲ್ಲಿ ದೊಕ್ಜಾ ಬುಟ್ಟಿ ಅದ್ದುತ್ತಿದ್ದಳು. ತೊಟ್ಟಿಯ ಸಿಹಿವಾಸನೆ ಇಲ್ಲಿಗೆ ಬರುತ್ತಿರಲಿಲ್ಲ, ಕಿಟಕಿಯಿಂದ ತಂಗಾಳಿ. ಇಲ್ಲವೆಂದರೆ ನಳಿಕೆ ಅಲ್ಲಿಗೆ ಹೋಗುತ್ತದೆ. ಕ್ವಾಕ್ ಕೆಮ್ಮಿದ.

“ಹೌದು,” ಎಂದಳು ಮಿರಾನ್. ಸಹಿ ಮಾಡುವಾಗ ಪೆನ್ನು ಎರಡು ಸಲ ಜಾರಿತು.

ಊಟಕ್ಕೆ ದೊಕ್ಜಾ ಎದುರಿಗೆ ಬಂದು ಕೂತಳು. “ಏನೇ ಮಹಾರಾಣಿ, ಕೊರಳಿಗೆ ಹಾರ, ಕಿಟಕಿ ಪಕ್ಕ ಸಿಂಹಾಸನ. ನಮ್ಮಂಥ ಬಡವರು ಪಕ್ಕ ಕೂತ್ರೆ ಯಂತ್ರ ಮೈಲಿಗೆ ಆಗಲ್ವಾ?”

ನಗುತ್ತಿದ್ದಂತೆಯೇ ಅವಳ ಕೈಯಿಂದ ಊಟದ ಕಡ್ಡಿಗಳು ಜಾರಿ ನೆಲಕ್ಕೆ ಬಿದ್ದವು. ಎತ್ತಿಕೊಡಲು ಮಿರಾನ್ ಬಗ್ಗಿದಳು. ಅವಳ ಬೆರಳಿಗೂ ಅವು ಸಿಗಲಿಲ್ಲ. ಆಮೇಲೆ ಇಬ್ಬರೂ ಚಮಚದಲ್ಲೇ ಉಂಡರು.

ಸಂಜೆ ಬೊಮಿ ಬರಿದಾದ ಬುತ್ತಿ ತಂದಿಟ್ಟಳು. “ಎಲ್ಲಾ ಬಿಚ್ಚಿಕೊಂಡಿತ್ತು. ಕಲಸಿಕೊಂಡು ತಿಂದೆ, ಚೆನ್ನಾಗಿತ್ತು.”

“ನನ್ನ ಚಿನ್ನ,” ಎಂದು ಮಿರಾನ್ ಅವಳ ತಲೆ ಸವರಿದಳು. “ಇಲ್ಲೂ ಎಲ್ಲಾ ಸರಿಹೋಯ್ತು. ಅಳತೆ ಕಡಿಮೆನೇ ಬರುತ್ತಂತೆ.”

ಬೊಮಿ ತಾಯಿಯ ಕೈ ಹಿಡಿದು, ಬೆರಳ ತುದಿಯನ್ನು ಉಗುರಿನಿಂದ ಮೆಲ್ಲಗೆ ಒತ್ತಿದಳು. ಒತ್ತಿದ್ದು ಮಿರಾನಳಿಗೆ ತಿಳಿಯಲೇ ಇಲ್ಲ. ಇನ್ನೊಂದು ಕೈ ಬೆಳಗಿನ ತಟ್ಟೆಯಲ್ಲಿ ಉಳಿದಿದ್ದ ತುದಿಯ ತುಂಡೊಂದನ್ನು ಎತ್ತಿ ಮಗಳ ಬಾಯಿಗೆ ಒಯ್ಯುತ್ತಿತ್ತು.

ಬೊಮಿ ಮುಖ ಪಕ್ಕಕ್ಕೆ ಸರಿಸಿದಳು.

“ಅಮ್ಮ, ಯಂತ್ರ ನಿನ್ನ ಜೊತೆ ಕಿಟಕಿ ಹತ್ರ ಇತ್ತಲ್ಲ. ದೊಕ್ಜಾ ದೊಡ್ಡಮ್ಮ ಉಸಿರಾಡಿದ ಗಾಳಿನ ಯಾರು ಅಳೆದ್ರು?”